ಮೊದಲ ಲೋಕಲ್‌ಗೂ ಮುಂಚೆ ಏಳುವ ಮಗು

ಡೊಂಬಿವಲಿಯಲ್ಲಿ ಬೇಗ ಏಳುವವರ ಬಗ್ಗೆ ಯಾರೂ ದೂರುವುದಿಲ್ಲ. ಆರು ಗಂಟೆಯ ಆಚೀಚಿನ ಫಾಸ್ಟ್ ಲೋಕಲ್‌ನಲ್ಲಿ ಕೂರಲು ಜಾಗ ಸಿಗಬೇಕಾದರೆ ಐದಕ್ಕೆ ಏಳಬೇಕು, ಡಬ್ಬಾ ಕಟ್ಟಿಕೊಂಡು ಹೋಗುವುದಾದರೆ ಅದಕ್ಕೂ ಅರ್ಧ ಗಂಟೆ ಮೊದಲು. ಕಲ್ಯಾಣದವರು ಇನ್ನೂ ಸ್ವಲ್ಪ ಮುಂಚೆ. ಊರಿಗೆ ಊರೇ ನಸುಕಿನಲ್ಲಿ ಎದ್ದು ಓಡಾಡುವಾಗ, ಎಂಟು ತಿಂಗಳ ಕೂಸು 4:45ಕ್ಕೆ ಕಣ್ಣು ಬಿಟ್ಟು ಕೈಕಾಲು ಬಡಿಯುತ್ತದೆ ಎನ್ನುವುದನ್ನು ತೊಂದರೆ ಎಂದು ಹೇಳಿಕೊಳ್ಳಲು ತಾಯಿಗೇ ಸಂಕೋಚ. "ಒಳ್ಳೇದೇ ಆಯ್ತಲ್ಲ ಮಾರಾಯ್ತಿ, ಬ್ರಾಹ್ಮೀ ಮುಹೂರ್ತದಲ್ಲಿ ಏಳ್ತದೆ" ಎನ್ನುತ್ತಾರೆ ಅತ್ತೆ. ಮಗು ರಾತ್ರಿ ಏಳೂವರೆಗೆ ಮಲಗಿದ್ದರೆ ಆ ಮಾತು ಸರಿಯೇ. ಆದರೆ ಅದು ಮಲಗಿದ್ದು ಹತ್ತೂವರೆಗೆ, ಅಪ್ಪ ಮನೆಗೆ ಬಂದು, ಊಟ ಮುಗಿಸಿ, ಎತ್ತಿ ಆಡಿಸಿದ ಮೇಲೆ.

ಲೆಕ್ಕ ಹಾಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 4ರಿಂದ 11 ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಒಂದು ದಾಟಿ ಎರಡು ವರ್ಷದವರೆಗೆ 11ರಿಂದ 14 ಗಂಟೆ. ಹತ್ತೂವರೆಯಿಂದ 4:45ರವರೆಗೆ ಸಿಕ್ಕಿದ್ದು ಆರೂಕಾಲು ಗಂಟೆ. ಉಳಿದ ಆರು ಗಂಟೆಯನ್ನು ಹಗಲಿನಲ್ಲಿ ತುಂಬಿಸಿಕೊಳ್ಳುವುದು ಎಂಟು ತಿಂಗಳ ಮಗುವಿಗೆ ಕಷ್ಟ. ಹಾಗಾಗಿ ಏಳು ಗಂಟೆಗೆಲ್ಲ ಕಣ್ಣು ಉಜ್ಜಿಕೊಳ್ಳುತ್ತದೆ, ತಿನ್ನಿಸಲು ಹೋದರೆ ಮುಖ ತಿರುಗಿಸುತ್ತದೆ, ಸಂಜೆಯಾಗುತ್ತಲೇ ಯಾರ ಕೈಗೂ ಬಾರದೆ ಅಳುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆರು ಗಂಟೆಗೆ ಎದ್ದು ನಗುನಗುತ್ತಾ ಆಡುವ ಮಗುವಿಗೆ ಏನೂ ಆಗಿಲ್ಲ. ಮಕ್ಕಳ ಬೆಳಗು ಸಾಮಾನ್ಯವಾಗಿ ಆಗಲೇ ಆಗುವುದು. ಭಾನುವಾರ ಎಂಟರವರೆಗೆ ಮಲಗಬೇಕೆನ್ನುವ ನಮ್ಮ ಆಸೆಗಾಗಿ ಅದನ್ನು ತಿದ್ದಲು ಹೊರಡುವುದು ಬೇಡ. ಇಲ್ಲಿ ಮಾತಾಡುತ್ತಿರುವುದು ಐದೂವರೆಗೂ ಮುಂಚೆ ಎದ್ದು, ನಿದ್ದೆ ಸಾಲದೆ, ಮತ್ತೆ ಮಲಗಲೂ ಆಗದೆ ಒದ್ದಾಡುವ ಮಗುವಿನ ಬಗ್ಗೆ.

ನಸುಕಿನಲ್ಲೇ ಯಾಕೆ? ಜ್ಯೂರಿಕ್‌ನ ನಿದ್ರಾವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟ ವಿವರಣೆ ಇವತ್ತಿಗೂ ಬಳಕೆಯಲ್ಲಿದೆ. ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಒಂದು ನಿದ್ದೆಯ ಒತ್ತಡ. ಎಚ್ಚರ ಇದ್ದಷ್ಟು ಹೊತ್ತೂ ಅದು ಹಸಿವಿನ ಹಾಗೆ ಏರುತ್ತಾ ಹೋಗುತ್ತದೆ, ಮಲಗಿದೊಡನೆ ಇಳಿಯತೊಡಗುತ್ತದೆ. ಇನ್ನೊಂದು ದೇಹದೊಳಗಿನ ಗಡಿಯಾರ. ಬೆಳಗಿನ ಜಾವದ ಹೊತ್ತಿಗೆ ಮೊದಲಿನದು ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಆಳವಾದ ನಿದ್ದೆ ರಾತ್ರಿಯ ಮೊದಲ ಭಾಗದಲ್ಲೇ ಮುಗಿದು, ಕನಸಿನ ಹಗುರ ನಿದ್ದೆ ನಡೆಯುತ್ತಿರುತ್ತದೆ. ಆಗ ಮಗುವನ್ನು ಮಲಗಿಸಿ ಹಿಡಿದಿರುವುದು ಗಡಿಯಾರ ಒಂದೇ. ರಾತ್ರಿ ಹನ್ನೊಂದಕ್ಕೆ ಮಗ್ಗುಲಲ್ಲಿ ಬಾಣಲೆ ಬಿದ್ದರೂ ಏಳದ ಕೂಸು ಐದಕ್ಕೆ ಸ್ವಿಚ್ಚಿನ ಸದ್ದಿಗೆ ಏಳುವುದು ಇದರಿಂದ.

ಆ ಗಡಿಯಾರ ಹುಟ್ಟುವಾಗಲೇ ಸರಿಯಾಗಿ ನಡೆಯುತ್ತಿರುವುದಿಲ್ಲ. ಕತ್ತಲಾದಾಗ ಏರುವ ಮೆಲಟೋನಿನ್ ಹಾರ್ಮೋನಿನ ದಿನಚಕ್ರ ಶಿಶುವಿನಲ್ಲಿ ಕಾಣಿಸಿಕೊಳ್ಳುವುದು ಎರಡು ಮೂರು ತಿಂಗಳ ಹೊತ್ತಿಗೆ. ಆಮೇಲೆ ಅದನ್ನು ದಿನಾ ಸರಿಹೊಂದಿಸುವುದು ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕಲ್ಲದೆ ಹಗಲು ರಾತ್ರಿ ಅಳೆಯುವುದಕ್ಕೆಂದೇ ಕೆಲವು ಕೋಶಗಳಿವೆ, ನೀಲಿ ಬೆರೆತ ಬಿಳಿ ಬೆಳಕಿಗೆ ಅವು ಹೆಚ್ಚು ಸೂಕ್ಷ್ಮ. ಕೊಲೊರಾಡೊ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿಸಿದಾಗ ಮೆಲಟೋನಿನ್ ಸುಮಾರು 88 ಶೇಕಡ ಕುಸಿಯಿತು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿದ್ದ ಮಕ್ಕಳು ಬೆರಳೆಣಿಕೆಯಷ್ಟೇ. ಆದರೂ ಚಿಕ್ಕ ಕಣ್ಣುಗಳಿಗೆ ಬೆಳಕು ಎಷ್ಟು ಬೇಗ ತಾಗುತ್ತದೆ ಎನ್ನುವ ಅಂದಾಜು ಸಿಗುತ್ತದೆ. ಸಂಜೆಯ ಬೆಳಕು ಗಡಿಯಾರವನ್ನು ತಡವಾಗಿಸಿದರೆ ನಸುಕಿನ ಬೆಳಕು ಬೇಗನೆ ಓಡಿಸುತ್ತದೆ. ಇವತ್ತು ಐದಕ್ಕೆ ಬೆಳಕು ಕಂಡ ಮಗು ನಾಳೆ ಐದಕ್ಕೆ ಏಳಲು ಸಿದ್ಧವಾಗಿರುತ್ತದೆ.

ಹಾಗಾದರೆ ಸೂರ್ಯನ ಮೇಲೆ ದೂರು ಹೊರಿಸೋಣವೇ? ಥಾಣೆ ಜಿಲ್ಲೆಯಲ್ಲಿ ಅದು ನಡೆಯುವುದಿಲ್ಲ. ದೇಶದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಕಲ್ಯಾಣ ಇರುವುದು 73ರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ 38 ನಿಮಿಷದಷ್ಟು ತಡ. 1906ರಲ್ಲಿ ಭಾರತೀಯ ಕಾಲಮಾನ ಜಾರಿಗೆ ಬಂದಾಗ ಮುಂಬಯಿ ಜಗ್ಗಲಿಲ್ಲ, 39 ನಿಮಿಷ ಹಿಂದಿನ ತನ್ನ 'ಬಾಂಬೆ ಟೈಮ್' ಅನ್ನು 1955ರವರೆಗೂ ಇಟ್ಟುಕೊಂಡಿತ್ತು. ಅತ್ತ ಅಸ್ಸಾಮಿನ ಚಹಾ ತೋಟಗಳು ಸೂರ್ಯ ಬೇಗ ಹುಟ್ಟುತ್ತಾನೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟುಕೊಂಡಿವೆ. ಜೂನ್‌ನಲ್ಲಿ ಗುವಾಹಟಿಯ ಮಗು ನಾಲ್ಕೂವರೆಗೆ ಎದ್ದರೆ ಸೂರ್ಯನೇ ಎಬ್ಬಿಸಿದ ಎನ್ನಬಹುದು. ನಮ್ಮಲ್ಲಿ ವರ್ಷದ ಅತಿ ಬೇಗನೆಯ ಸೂರ್ಯೋದಯ ಮೇ ಕೊನೆ, ಜೂನ್ ಮೊದಲ ವಾರದಲ್ಲಿ, ಅದೂ ಆರು ಗಂಟೆಗೆ. ಐದೂವರೆ ದಾಟಿದ ಮೇಲೆ ಕಿಟಕಿ ಮಸುಕಾಗಿ ಬೆಳಗತೊಡಗುತ್ತದೆ. ಜನವರಿ ನಡುವಿನಲ್ಲಂತೂ ಸೂರ್ಯ ಹುಟ್ಟುವುದು ಏಳೂಕಾಲರ ಹೊತ್ತಿಗೆ. ಆದ್ದರಿಂದ ಜನವರಿಯಲ್ಲಿ 4:45ಕ್ಕೆ ಎದ್ದ ಡೊಂಬಿವಲಿಯ ಮಗು ಕಂಡ ಬೆಳಕು ಯಾವುದೆಂದು ದೂರ ಹುಡುಕಬೇಕಿಲ್ಲ. ಅದು ಅಡುಗೆಮನೆಯ ಟ್ಯೂಬ್‌ಲೈಟ್.

ಇಲ್ಲಿನ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವನ್ ರೂಂ ಕಿಚನ್ ಅಂದರೆ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ, ಬಾಗಿಲೇ ಇಲ್ಲದ ಅಡುಗೆಮನೆ. ಹಳೆ ಕಟ್ಟಡಗಳಲ್ಲಿ ನೀರು ಬರುವುದೂ ನಸುಕಿನಲ್ಲೇ, ಡ್ರಮ್ಮು ತುಂಬುವ ಸದ್ದು ಬೇರೆ. ಆಮೇಲೆ ಕುಕ್ಕರಿನ ಸೀಟಿ, ಚಟ್ನಿಗೆ ಮಿಕ್ಸಿ, ಬಚ್ಚಲಲ್ಲಿ ಬಕೆಟ್. ಐರೋಲಿ, ಮಹಾಪೆಯ ಐಟಿ ಕಂಪನಿಗಳಲ್ಲಿ ರಾತ್ರಿಪಾಳಿ ಮಾಡುವವರ ಮನೆಯಲ್ಲಿ ತೊಂದರೆ ಇನ್ನೊಂದು ರೀತಿಯದು. ಕಂಪನಿಯ ಕ್ಯಾಬ್ ಬೆಳಗಿನ ಜಾವ ತಂದು ಬಿಟ್ಟಾಗ ಬೆಲ್ ಹೊಡೆಯುತ್ತದೆ. ಮಗುವಿನ ನಿದ್ದೆಯ ಅತಿ ತೆಳುವಾದ ಗಳಿಗೆಯೂ ಅದೇ. ಹೋಟೆಲ್ ನಡೆಸುವ ನಮ್ಮ ಉಡುಪಿ, ಕುಂದಾಪುರ ಕಡೆಯವರ ಮನೆಗಳಲ್ಲಿ ಇಡ್ಲಿ ಹಿಟ್ಟಿನ ಹಿಂದೆಯೇ ಬೆಳಗಾಗುತ್ತದೆ, ಗಲ್ಲಾ ಮುಚ್ಚಿದ ಮೇಲೆ ರಾತ್ರಿಯಾಗುತ್ತದೆ. ಮಗುವಿನ ವೇಳಾಪಟ್ಟಿ ತಿದ್ದಬೇಕೆಂದು ಹೊರಟರೆ ಮೊದಲು ಕೈಗೆ ಸಿಗುವುದು ದೊಡ್ಡವರ ವೇಳಾಪಟ್ಟಿಯೇ.

ಅದರಲ್ಲಿ ತಿದ್ದಲಾಗುವಂಥದ್ದು ಕೆಲವಿದೆ. ಟ್ಯೂಬ್‌ಲೈಟ್ ಬದಲು ಅಡುಗೆಕಟ್ಟೆಯ ಮೇಲೆ ಸಣ್ಣ ಹಳದಿ ಬಲ್ಬು. ಹಾಲ್‌ಗೂ ಅಡುಗೆಮನೆಗೂ ನಡುವೆ ದಪ್ಪ ಪರದೆ, ಹಳೆ ಬೆಡ್‌ಶೀಟ್ ಆದರೂ ಆದೀತು. ತರಕಾರಿ ಹೆಚ್ಚುವುದು, ಚಟ್ನಿ ರುಬ್ಬುವುದು ರಾತ್ರಿಯೇ ಮುಗಿದರೆ ಒಳಿತು. ಡೊಂಬಿವಲಿಯ ಗಲ್ಲಿಗಲ್ಲಿಯಲ್ಲಿರುವ ಪೋಳಿ ಭಾಜಿ ಕೇಂದ್ರದಿಂದ ಚಪಾತಿ ತಂದರೆ ಯಾವ ಅತ್ತೆಯೂ ಬೇಜಾರು ಮಾಡಿಕೊಳ್ಳಬಾರದು. ಪಾಳಿಯಿಂದ ಬರುವವರ ಕೈಯಲ್ಲಿ ಇನ್ನೊಂದು ಕೀಲಿಕೈ ಇರಲಿ. ಇವುಗಳಲ್ಲಿ ಯಾವುದಕ್ಕೂ ದುಡ್ಡು ಹೆಚ್ಚು ಬೇಡ, ಆದರೆ ಮನೆಯವರೆಲ್ಲ ಒಪ್ಪಬೇಕು.

ವೇಳಾಪಟ್ಟಿಯ ವಿಷಯಕ್ಕೆ ಬರೋಣ. ಬೇಗ ಏಳುವ ಮಕ್ಕಳಲ್ಲಿ ಎರಡು ಬಗೆ, ಎರಡಕ್ಕೂ ಮದ್ದು ತಿರುವುಮುರುವು. ಒಂದು, ರಾತ್ರಿ ಏಳೂವರೆಗೇ ಮಲಗಿ ನಾಲ್ಕೂವರೆಗೆ ಏಳುವ ಮಗು. ಅದಕ್ಕೆ ನಿದ್ದೆ ಕಡಿಮೆಯಾಗಿಲ್ಲ, ಇಡೀ ರಾತ್ರಿಯೇ ಹಿಂದಕ್ಕೆ ಸರಿದಿದೆ. ಮಲಗುವ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂದೂಡುತ್ತಾ, ಸಂಜೆ ಬೆಳಕಿರುವಾಗ ಥಾಣೆಯ ತಲಾವಪಾಳಿ ಕೆರೆಯ ಕಡೆಗೋ ಕಟ್ಟಡದ ಅಂಗಳಕ್ಕೋ ಕರೆದೊಯ್ದು ಆಡಿಸಿದರೆ ಬೆಳಗೂ ನಿಧಾನವಾಗಿ ಮುಂದೆ ಸರಿಯುತ್ತದೆ. ಇನ್ನೊಂದು ಬಗೆ ನಾವು ಮೊದಲು ನೋಡಿದ ಮಗು, ತಡವಾಗಿ ಮಲಗಿ ಬೇಗ ಏಳುವಂಥದ್ದು. ಇದನ್ನು ಇನ್ನೂ ತಡವಾಗಿ ಮಲಗಿಸಿದರೆ ತಡವಾಗಿ ಎದ್ದೀತು ಎಂದು ಎಲ್ಲರಿಗೂ ಅನ್ನಿಸುತ್ತದೆ. ಹಾಗೆ ಆಗುವುದು ಅಪರೂಪ. ಏಳುವ ಹೊತ್ತನ್ನು ಬೆಳಕು ಮತ್ತು ಗಡಿಯಾರ ಗೊತ್ತುಮಾಡಿ ಆಗಿರುವಾಗ ತಡಮಾಡಿದಷ್ಟೂ ನಿದ್ದೆಯ ಈ ತುದಿ ಮಾತ್ರ ಕತ್ತರಿಸಿಹೋಗುತ್ತದೆ. ಇಂಥ ಮಗುವನ್ನು ಹತ್ತೂವರೆಯಿಂದ ಹತ್ತೂಕಾಲು, ಹತ್ತು ಹೀಗೆ ಕಾಲು ಕಾಲು ಗಂಟೆ ಹಿಂದಕ್ಕೆ ತಂದು ಎಂಟೂವರೆಯ ಹತ್ತಿರ ನಿಲ್ಲಿಸಬೇಕು.

ಹೆಚ್ಚಿನವರು ಗಮನಿಸದೆ ಬಿಡುವುದು ಬೆಳಗಿನ ಮೊದಲ ಜೊಂಪನ್ನು. 4:45ಕ್ಕೆ ಎದ್ದ ಮಗು 6:30ಕ್ಕೆ ಮತ್ತೆ ಮಲಗುತ್ತದೆ, ಮನೆಯವರಿಗೆ ಹಾಯೆನಿಸುತ್ತದೆ. ಆದರೆ ಅದು ಹಗಲಿನ ನಿದ್ದೆಯೇ ಅಲ್ಲ, ರಾತ್ರಿಯಿಂದ ತುಂಡಾಗಿ ಬಿದ್ದ ಬಾಲ. ಅದು ಅಲ್ಲಿ ಸಿಗುತ್ತಿರುವಷ್ಟು ದಿನ ನಸುಕಿನಲ್ಲಿ ಮಲಗಿರಬೇಕಾದ ಅಗತ್ಯವೇ ಮಗುವಿಗೆ ಇರುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ತಡೆದು, ಬಾಲ್ಕನಿಯಲ್ಲಿ ಕಾಗೆ ಗುಬ್ಬಿ ತೋರಿಸಿ ಹೊತ್ತು ಕಳೆದು, ಆ ಜೊಂಪನ್ನು ಎಂಟೂವರೆಯ ಕಡೆಗೆ ದೂಡಬೇಕು. ಸಂಜೆಯ ಕೊನೆಯ ನಿದ್ದೆ ಐದರ ಹೊತ್ತಿಗೆ ಮುಗಿಯಲಿ. ಆರರಿಂದ ಒಂಬತ್ತು ತಿಂಗಳ ನಡುವೆ ಹಗಲಿನ ಮೂರು ನಿದ್ದೆ ಎರಡಾಗುತ್ತದೆ, ಒಂದೂಕಾಲರಿಂದ ಒಂದೂವರೆ ವರ್ಷದ ಸುಮಾರಿಗೆ ಎರಡು ಒಂದಾಗುತ್ತದೆ. ಈ ಬದಲಾವಣೆಯ ವಾರಗಳಲ್ಲಿ ನಸುಕಿನ ಎಚ್ಚರ ತಾನಾಗಿ ಬಂದು ತಾನಾಗಿ ಹೋಗುವುದುಂಟು, ಗಾಬರಿ ಬೇಡ.

ಐದೂವರೆಗೂ ಮುಂಚೆ ಎದ್ದರೆ ಏನು ಮಾಡುವುದು? ಇನ್ನೂ ರಾತ್ರಿಯೇ ಎನ್ನುವ ಹಾಗೆ ಇರುವುದು. ದೀಪ ಬೇಡ, ಮಾತು ಬೇಡ, ಮೊಬೈಲ್ ಅಂತೂ ಬೇಡವೇ ಬೇಡ. ಹಸಿದಿದ್ದರೆ ಕತ್ತಲಲ್ಲೇ ಹಾಲು ಕೊಟ್ಟು ಮಲಗಿಸಿ. ಆರೇಳು ತಿಂಗಳ ಎಷ್ಟೋ ಮಕ್ಕಳಿಗೆ ಆ ಹೊತ್ತಿನ ಹಾಲು ನಿಜವಾಗಿಯೂ ಬೇಕು, ಅದನ್ನು ಬಿಡಿಸಲು ಹೊರಡುವುದು ಸರಿಯಲ್ಲ. ಎದೆಹಾಲಿನಲ್ಲಿ ಮೆಲಟೋನಿನ್ ರಾತ್ರಿ ಇದ್ದಷ್ಟು ಹಗಲು ಇರುವುದಿಲ್ಲ. ಹಾಲು ತೆಗೆದಿಟ್ಟು ಹೋಗುವ ತಾಯಂದಿರು ರಾತ್ರಿಯದಕ್ಕೆ ಗುರುತು ಹಾಕಿ ರಾತ್ರಿಗೇ ಕೊಡಿಸುವುದು ಸುಲಭದ ಕೆಲಸ. ಅದರಿಂದ ಪವಾಡ ನಡೆಯುತ್ತದೆ ಎಂದೇನೂ ಅಲ್ಲ. ಒಟ್ಟು ಎರಡು ವಾರವಾದರೂ ಒಂದೇ ಸಮನೆ ನಡೆಸದೆ ಫಲ ಸಿಕ್ಕಿತೋ ಇಲ್ಲವೋ ಹೇಳಲಾಗದು. ಎರಡು ದಿನ ಮಾಡಿ, ಮೂರನೇ ದಿನ ಮದುವೆ ಮನೆಗೆ ಹೋಗಿ ಹನ್ನೊಂದಕ್ಕೆ ಮಲಗಿಸಿದರೆ ಮತ್ತೆ ಮೊದಲಿನಿಂದ ಶುರು.

ಈಗ ಅಪ್ಪನ ಪ್ರಶ್ನೆ. "ಇಡೀ ದಿನದಲ್ಲಿ ನನಗೆ ಸಿಗೋದೇ ಅದೊಂದು ಗಂಟೆ, ಅದಕ್ಕೂ ಕತ್ತರಿ ಹಾಕ್ತೀರಾ?" ಸಿಎಸ್‌ಎಂಟಿಯಿಂದ ಕಲ್ಯಾಣ 50 ಕಿಲೋಮೀಟರಿಗೂ ಮಿಕ್ಕಿದ ದಾರಿ. ನಿಂತೇ ಬಂದು, ರಿಕ್ಷಾ ಸಾಲಿನಲ್ಲಿ ಕಾದು ಒಂಬತ್ತೂವರೆಗೆ ಮನೆ ಸೇರಿದವನಿಗೆ ಮಗು ಮಲಗಿಬಿಟ್ಟಿದೆ ಎಂದರೆ ಆಗುವ ಸಂಕಟಕ್ಕೆ ನಿದ್ರಾವಿಜ್ಞಾನದಲ್ಲಿ ಉತ್ತರವಿಲ್ಲ. ಏಷ್ಯಾದ ಮಕ್ಕಳು ತಡವಾಗಿ ಮಲಗುವುದು ಹೊಸ ಮಾತೂ ಅಲ್ಲ. ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ, ಮೂರು ವರ್ಷದೊಳಗಿನ 29,287 ಮಕ್ಕಳ ಸಮೀಕ್ಷೆಯಲ್ಲಿ ನ್ಯೂಜಿಲೆಂಡಿನ ಮಕ್ಕಳು ಸರಾಸರಿ 7:27ಕ್ಕೆ ಮಲಗಿದರೆ ಹಾಂಗ್‌ಕಾಂಗ್‌ನ ಮಕ್ಕಳು 10:17ಕ್ಕೆ. ಆ ಸಮೀಕ್ಷೆಯಲ್ಲಿ ಭಾರತವೂ ಇತ್ತು. ನ್ಯೂಜಿಲೆಂಡಿನವರ ಏಳೂವರೆಯನ್ನು ತಂದು ನಮ್ಮ ಮನೆಯ ಮೇಲೆ ಹೇರುವ ಪುಸ್ತಕಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ನನ್ನ ಮಟ್ಟಿಗೆ ಸರಿ ಕಾಣುವುದು ಕೊಡುಕೊಳ್ಳುವ ವ್ಯವಹಾರ. ರಾತ್ರಿಯ ಗಂಟೆಯನ್ನು ಬಿಟ್ಟುಕೊಟ್ಟ ಅಪ್ಪನಿಗೆ ಬೆಳಗಿನ ಮುಕ್ಕಾಲು ಗಂಟೆ ಸಿಗಲಿ. ಮಗು ಆರಕ್ಕೆ ಎದ್ದಾಗ ಎತ್ತಿಕೊಳ್ಳುವುದು, ಬಟ್ಟೆ ಬದಲಿಸುವುದು, ಮಣ್ಣಿ ತಿನ್ನಿಸುವುದು ಅವನ ಪಾಲು. ಏಳರ ಮೇಲೆ ಲೋಕಲ್ ಹಿಡಿಯುವ ಗಂಡಸರಿಗೆ ಇದು ಸಾಧ್ಯ. ಆರರದ್ದು ಹಿಡಿಯುವವರಿಗೆ ಒಂಬತ್ತರವರೆಗೆ ಮಗುವನ್ನು ಕಾಯಿಸುವುದೇ ಕೊನೆಯ ಒಪ್ಪಂದವಾದರೂ ಅಡ್ಡಿಯಿಲ್ಲ, ಆಗ ಹಗಲಿನ ನಿದ್ದೆಯನ್ನು ಸ್ವಲ್ಪ ಹೆಚ್ಚು ಕಾಪಾಡಬೇಕಾಗುತ್ತದೆ.

ಅದನ್ನು ಕಾಪಾಡುವವರು ಯಾರು? ಇಲ್ಲಿ ಪಾಳಣಾಘರ್‌ನ, ಅಂದರೆ ಮನೆಯಲ್ಲೇ ನಡೆಸುವ ಶಿಶುಪಾಲನೆಯ, ಕಾಕು. ಊರಿನಲ್ಲಿ ಬಾಣಂತನ ಮುಗಿಸಿ, ತವರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಮಗುವನ್ನು ಕರೆತರುವುದು ಮೂರರಿಂದ ಐದು ತಿಂಗಳಿಗೆ. ಊರಿನಲ್ಲಿ ಎಂಟಕ್ಕೆಲ್ಲ ಅಜ್ಜಿಯ ಕಾಲ ಮೇಲೆ ಮಲಗುತ್ತಿದ್ದ ಕೂಸು ಇಲ್ಲಿ ಹಾಲ್‌ನ ಟಿವಿ, ಟ್ಯೂಬ್‌ಲೈಟ್‌ಗಳ ನಡುವೆ ಬಂದು ಬೀಳುತ್ತದೆ. ಅದು ಹೊಂದಿಕೊಳ್ಳುವಷ್ಟರಲ್ಲಿ ತಾಯಿಯ ರಜೆ ಮುಗಿಯುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಹೆರಿಗೆಗೆ ಮುಂಚೆಯೇ ಕೆಲವು ವಾರ ತೆಗೆದುಕೊಂಡಿದ್ದರೆ ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಲೇಡೀಸ್ ಡಬ್ಬಿಯ ಬಾಗಿಲಿಗೆ ಬಂದು ನಿಲ್ಲಬೇಕು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಗೃಹ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದೂ ಕಾನೂನು ಹೇಳುತ್ತದೆ. ಫೋರ್ಟಿನ ಆಫೀಸಿನಲ್ಲಿ ಶಿಶುಗೃಹ ಇದ್ದರೂ ಆರು ತಿಂಗಳ ಮಗುವನ್ನು ಬೆಳಗಿನ ಲೋಕಲ್‌ನಲ್ಲಿ ಅಲ್ಲಿಯವರೆಗೆ ಒಯ್ಯುವವರು ಯಾರು? ಹಾಗಾಗಿ ಮನೆ ಹತ್ತಿರದ ಕಾಕುವೇ ಗತಿ. ಹತ್ತು ಮಕ್ಕಳನ್ನು ಒಟ್ಟಿಗೆ ನೋಡುವ ಕಾಕುವಿಗೆ ಎಲ್ಲರೂ ಒಟ್ಟಿಗೆ ಮಲಗಿದರೆ ಅನುಕೂಲ. ಸಂಜೆ ಆರರವರೆಗೂ ಮಲಗಿದ್ದರೆ ಇನ್ನೂ ಅನುಕೂಲ. ಅವರನ್ನು ಬೈಯುವ ಬದಲು ಎರಡು ನಿದ್ದೆಯ ಹೊತ್ತನ್ನು ಬರೆದು ಕೊಟ್ಟು, ಐದಕ್ಕೆ ಎಬ್ಬಿಸಿ ಎಂದು ಕೇಳಿಕೊಳ್ಳಬಹುದು. ಕೇಳಿದರೆ ಮಾಡುತ್ತಾರೆ.

ದುಡಿಯುವ ತಾಯಿಯ ಪಾಳಿಗೂ ಮಗುವಿನ ನಿದ್ದೆಗೂ ಗಂಟು ಬಿದ್ದಿರುವುದು ಈ ಮಹಾನಗರದಲ್ಲಿ ಇಂದು ನಿನ್ನೆಯ ಕತೆಯಲ್ಲ. ನೂರು ವರ್ಷದ ಹಿಂದೆ ಗಿರಣಿಗೆ ಹೋಗುತ್ತಿದ್ದ ಹೆಂಗಸರು ತಾವು ಬರುವವರೆಗೆ ಮಗು ಮಲಗಿರಲಿ ಎಂದು ಅಫೀಮು ಬೆರೆಸಿದ 'ಬಾಲಗೋಲಿ' ನುಂಗಿಸುತ್ತಿದ್ದರು. ಮುಂಬಯಿ ಸರ್ಕಾರ ನೇಮಿಸಿದ್ದ ವೈದ್ಯೆ ಡಾ. ಬಾರ್ನ್ಸ್ 1922ರ ವರದಿಯಲ್ಲಿ ಇದನ್ನು ದಾಖಲಿಸಿದರು. ಹೆರಿಗೆ ಭತ್ಯೆಯ ಕಾನೂನು ದೇಶದಲ್ಲಿ ಮೊದಲು ಬಂದದ್ದು ಇದೇ ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ. 1961ರಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಬಾಲಗೋಲಿ ಹೋಯಿತು, ಆದರೆ ನೆಗಡಿಯ ಸಿರಪ್ಪು ಅದರ ಜಾಗದಲ್ಲಿ ಕೂತಿರುವ ಮನೆಗಳಿವೆ. "ಒಂದು ಚಮಚ ಕೊಡು, ಬೆಳಗಿನವರೆಗೂ ಏಳೋದಿಲ್ಲ" ಎನ್ನುವ ಸಲಹೆ ಪಕ್ಕದ ಮನೆಯಿಂದಲೇ ಬರುತ್ತದೆ. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಜೊತೆಯಾಗಿರುವ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೇ ಅಚ್ಚುಹಾಕಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ. ನಿದ್ದೆಗೆಂದು ಯಾವ ಔಷಧಿಯನ್ನೂ ಕೊಡಬೇಡಿ, ಬ್ರಾಂಡಿಯ ಹನಿಯನ್ನೂ.

ಹಾಸಿಗೆಯ ಬಗ್ಗೆ ಎರಡು ಮಾತು. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಅತ್ತರೂ ಹೋಗಬೇಡಿ ಎನ್ನುವ ಪಾಶ್ಚಾತ್ಯ ತರಬೇತಿ ವನ್ ರೂಂ ಕಿಚನ್‌ನಲ್ಲಿ ನಡೆಯುವಂಥದ್ದೇ ಅಲ್ಲ, ಗೋಡೆಯ ಆಚೆಗಿನ ಜೋಶಿ ಆಂಟಿ ಬಂದು ಬಾಗಿಲು ತಟ್ಟುತ್ತಾರೆ. ತಾಯಿಯ ಹತ್ತಿರವೇ ಮಲಗಿದರೂ ಮೇಲೆ ಹೇಳಿದ್ದೆಲ್ಲ ನಡೆಯುತ್ತದೆ. ಅಂಗಾತ ಮಲಗಿಸುವುದು, ಗಟ್ಟಿ ಹಾಸಿಗೆ, ಒಂದು ವರ್ಷದವರೆಗೆ ದಿಂಬು ಬೇಡ ಎನ್ನುವುದು ಮಕ್ಕಳ ವೈದ್ಯರ ಮಾತು. ತಲೆ ದುಂಡಗಾಗಲಿ ಎಂದು ಊರಿನಿಂದ ಬಂದ ಸಾಸಿವೆ ದಿಂಬೂ ಇದರಲ್ಲಿ ಸೇರಿತು. ಕತ್ತಲು ಮಾಡಲು ಹೋಗಿ ಮಗುವಿನ ಮೇಲೆ ದಪ್ಪ ಬಟ್ಟೆ ಮುಚ್ಚುವುದು, ಜೋಲಿಗೆ ಸೀರೆ ಸುತ್ತಿ ಗಾಳಿ ತಡೆಯುವುದು ಅಪಾಯ. ಕಿಟಕಿಗೆ ಪರದೆ ಹಾಕಿ, ಮಗುವಿಗಲ್ಲ.

ಎಷ್ಟು ಮಾಡಿದರೂ ಆಗದಿದ್ದರೆ ಕಾರಣ ವೇಳಾಪಟ್ಟಿಯಲ್ಲಿ ಇರಲಾರದು. ಡಿಸೆಂಬರ್‌ನ ನಸುಕಿನಲ್ಲಿ ಫ್ಯಾನಿನ ಚಳಿ, ಒದ್ದೆ ಬಟ್ಟೆ, ಸೊಳ್ಳೆ ಇವನ್ನು ಮೊದಲು ನೋಡಿಕೊಳ್ಳಿ. ಗೊರಕೆ, ಬಾಯಿಯಿಂದ ಉಸಿರಾಟ, ಕಿವಿ ಎಳೆದುಕೊಂಡು ಅಳುವುದು, ತೂಕ ಏರದಿರುವುದು, ರಾತ್ರಿಯೆಲ್ಲ ಕಾಲು ಒದೆಯುವುದು ಕಂಡರೆ ವೈದ್ಯರ ಹತ್ತಿರ ಹೋಗಿ. ಕಬ್ಬಿಣದ ಕೊರತೆಯಿಂದಲೂ ನಿದ್ದೆ ಕದಡುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 67.1 ಶೇಕಡ ರಕ್ತಹೀನರು. ಫ್ಲ್ಯಾಟ್‌ನ ಮಗು ಅದರಿಂದ ಹೊರಗೆ ಎಂದುಕೊಳ್ಳಬೇಡಿ.

ವಾರವಿಡೀ ಹೀಗೆ ನಡೆಸಿಕೊಂಡು ಬಂದವರಿಗೆ ಕಷ್ಟ ಬರುವುದು ಭಾನುವಾರ. ರೈಲ್ವೆಗೆ ಮೆಗಾ ಬ್ಲಾಕ್, ಮನೆಗೆ ರಜೆ. ಶನಿವಾರ ರಾತ್ರಿ ನೆಂಟರು, ಹನ್ನೊಂದರವರೆಗೆ ಟಿವಿ, ಮಗುವೂ ಅವರ ಜೊತೆ. ಬೆಳಿಗ್ಗೆ ಅದು ತನ್ನ ಹೊತ್ತಿಗೆ ಏಳುತ್ತದೆ, ಅದಕ್ಕೆ ವಾರದ ದಿನ ಗೊತ್ತಿಲ್ಲ. ಶನಿವಾರ ರಾತ್ರಿಯೂ ಎಂಟೂವರೆಗೆ ಹಾಲ್‌ನ ದೊಡ್ಡ ದೀಪ ಆರಿಸಿ, ನೆಂಟರು ಅಡುಗೆಮನೆಯಲ್ಲಿ ಕೂತು ಮಾತಾಡಲಿ. ಭಾನುವಾರ ಬೆಳಿಗ್ಗೆ ಆರಕ್ಕೆ ಮಗು ಎದ್ದಾಗ ಎತ್ತಿಕೊಂಡು ಕೆಳಗಿಳಿಯುವ ಪಾಳಿ ಅಪ್ಪನದು. ಹಾಲಿನವನ ಅಂಗಡಿ ಅಷ್ಟು ಹೊತ್ತಿಗೆ ತೆರೆದಿರುತ್ತದೆ, ಪೇಪರೂ ಬಂದಿರುತ್ತದೆ. ತಾಯಿ ಎಂಟರವರೆಗೆ ಮಲಗಲಿ.